ಲಿಥಿಯಂ ಲೋಹದ ಬ್ಯಾಟರಿಗಳಲ್ಲಿ ಇಂಗಾಲದ ಆತಿಥೇಯ ವಸ್ತುಗಳು

ಬ್ಯಾಟರಿಯನ್ನು ಚಾರ್ಜ್ ಮಾಡುವಾಗ ಲಿಥಿಯಂ ಲೋಹವನ್ನು ತನ್ನ ರಂಧ್ರಗಳೊಳಗೆ ತುಂಬಿಕೊಂಡು, ಬಳಸುವಾಗ ಅದನ್ನು ಬಿಟ್ಟುಕೊಟ್ಟು, ತಾನು ಮಾತ್ರ ಆಕಾರ ಕೆಡದೆ ಉಳಿಯುವ ಇಂಗಾಲದ ಚೌಕಟ್ಟುಗಳನ್ನು ಆತಿಥೇಯ ವಸ್ತುಗಳೆಂದು ಕರೆಯುತ್ತಾರೆ. ಗ್ರಾಫೀನ್ ಹಾಳೆಗಳ ಅಟ್ಟಿ, ನ್ಯಾನೋಕೊಳವೆಗಳ ಜಾಲ, ಟೊಳ್ಳು ಗೋಳ, ಇಂಗಾಲದ ನಾರಿನ ಬಟ್ಟೆ ಮತ್ತು ಕಾಗದ, ಇದ್ದಿಲಾಗಿಸಿದ ಮರ ಇವೆಲ್ಲ ಈ ಕೆಲಸಕ್ಕೆ ಬಂದಿವೆ. ಲಿಥಿಯಂ ಲೋಹವನ್ನು ಬರಿಯ ತಗಡಿನಂತೆ ಬಳಸಿದಾಗ ಅದು ಮುಳ್ಳುಮುಳ್ಳಾಗಿ ಬೆಳೆಯುತ್ತದೆ, ಉಬ್ಬಿ ಕುಗ್ಗುತ್ತದೆ, ಪ್ರತಿ ಸುತ್ತಿನಲ್ಲೂ ಸ್ವಲ್ಪ ಸ್ವಲ್ಪ ನಷ್ಟವಾಗುತ್ತದೆ. ಈ ಮೂರನ್ನೂ ಹತೋಟಿಗೆ ತರುವುದು ಆತಿಥೇಯ ರಚನೆಯ ಗುರಿ. 2014ರಿಂದೀಚೆಗೆ ಈ ವಿಷಯದಲ್ಲಿ ಪ್ರಬಂಧಗಳು ರಾಶಿಯಾಗಿ ಬಂದಿವೆ. ಅವುಗಳಲ್ಲಿ ನಿಜವಾದ ಬ್ಯಾಟರಿಯ ತೂಕ ಮತ್ತು ಬಾಳಿಕೆಯ ಲೆಕ್ಕಕ್ಕೆ ನಿಲ್ಲುವಂಥವು ಕಡಮೆ.

ಲೋಹ ಹೊರಹೋದದ್ದು, ಇಂಗಾಲ ಒಳಬಂದದ್ದು

ಲೋಹಗಳಲ್ಲೆಲ್ಲ ಹಗುರವಾದದ್ದು ಲಿಥಿಯಂ. ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ 0.534 ಗ್ರಾಂ, ಅಂದರೆ ನೀರಿನ ಸುಮಾರು ಅರ್ಧ. ಎಲೆಕ್ಟ್ರಾನನ್ನು ಬಿಟ್ಟುಕೊಡುವ ಆತುರ ಅದಕ್ಕೆ ಹೆಚ್ಚು. ಪ್ರಮಾಣಿತ ಹೈಡ್ರೋಜನ್ ಎಲೆಕ್ಟ್ರೋಡಿಗೆ ಹೋಲಿಸಿದರೆ ಅದರ ವಿಭವ -3.04 ವೋಲ್ಟ್. ಒಂದು ಗ್ರಾಂ ಲಿಥಿಯಂ ಸೈದ್ಧಾಂತಿಕವಾಗಿ 3,860 ಮಿಲಿಆಂಪಿಯರ್-ಗಂಟೆಯಷ್ಟು ವಿದ್ಯುತ್ತನ್ನು ಹೊತ್ತಿರಬಲ್ಲದು. ಇಂದಿನ ಫೋನು, ಕಾರುಗಳ ಬ್ಯಾಟರಿಯಲ್ಲಿರುವ ಗ್ರಾಫೈಟಿನ ಪಾಲಿಗೆ ಈ ಸಂಖ್ಯೆ 372 ಮಾತ್ರ. ಹತ್ತುಪಟ್ಟಿನ ಈ ಅಂತರವೇ ಐವತ್ತು ವರ್ಷಗಳಿಂದ ಸಂಶೋಧಕರನ್ನು ಲಿಥಿಯಂ ಲೋಹದ ಕಡೆಗೆ ಎಳೆಯುತ್ತಿದೆ.

ಒಮ್ಮೆ ಬಳಸಿ ಎಸೆಯುವ ಬ್ಯಾಟರಿಗಳಲ್ಲಿ ಲಿಥಿಯಂ ಲೋಹ ಯಾವ ತಂಟೆಯನ್ನೂ ಮಾಡುವುದಿಲ್ಲ. ಕೈಗಡಿಯಾರದ ಬಿಲ್ಲೆಯಂಥ ಬ್ಯಾಟರಿಯಲ್ಲೂ ಹೃದಯದ ಪೇಸ್‌ಮೇಕರಿನಲ್ಲೂ ಅದು ದಶಕಗಳಿಂದ ಇದೆ. ಅಲ್ಲಿ ಲೋಹ ಕರಗಿ ಹೋದರೆ ಕೆಲಸ ಮುಗಿಯಿತು, ಅದು ಮರಳಿ ಬಂದು ಕೂರಬೇಕಾಗಿಲ್ಲ. ತೊಡಕು ಹುಟ್ಟುವುದು ಮರಳಿ ಕೂರಿಸುವಾಗ. 1970ರ ದಶಕದಲ್ಲಿ ಅಮೆರಿಕದ ಎಕ್ಸಾನ್ ಕಂಪನಿಯಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಲಿಥಿಯಂ ಲೋಹದ ಆನೋಡ್ ಮತ್ತು ಟೈಟಾನಿಯಂ ಡೈಸಲ್ಫೈಡ್ ಕ್ಯಾಥೋಡ್ ಇರುವ ಮರುಚಾರ್ಜ್ ಬ್ಯಾಟರಿಯನ್ನು ರೂಪಿಸಿ 1976ರಲ್ಲಿ ಪ್ರಕಟಿಸಿದರು. ಮತ್ತೆಮತ್ತೆ ಚಾರ್ಜ್ ಮಾಡಿದಾಗ ಲಿಥಿಯಂ ಎಳೆಗಳು ಬೆಳೆದು ಎದುರಿನ ಎಲೆಕ್ಟ್ರೋಡನ್ನು ಮುಟ್ಟಿ ಶಾರ್ಟ್ ಸರ್ಕ್ಯೂಟ್ ಆಗುತ್ತಿತ್ತು. ಪ್ರಯೋಗಾಲಯಕ್ಕೆ ಅಗ್ನಿಶಾಮಕ ದಳ ಹಲವು ಸಲ ಬರಬೇಕಾಯಿತು. ಲಿಥಿಯಮ್ಮಿಗೆ ಅಲ್ಯೂಮಿನಿಯಂ ಸೇರಿಸಿ, ಎಲೆಕ್ಟ್ರೋಲೈಟನ್ನು ಬದಲಿಸಿ ಸ್ವಲ್ಪ ಪಳಗಿಸಿದರೂ ದೊಡ್ಡ ಉದ್ಯಮವಾಗಲಿಲ್ಲ. ಕೆನಡಾದ ಮೋಲಿ ಎನರ್ಜಿ ಕಂಪನಿ ಮಾಲಿಬ್ಡಿನಂ ಡೈಸಲ್ಫೈಡ್ ಕ್ಯಾಥೋಡಿನೊಡನೆ ಲಿಥಿಯಂ ಲೋಹದ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. 1989ರಲ್ಲಿ ಜಪಾನಿನಲ್ಲಿ ಮೊಬೈಲ್ ಫೋನಿನೊಳಗೆ ಬೆಂಕಿ ಹೊತ್ತಿದ ಮೇಲೆ ಅವನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಕಂಪನಿಯೂ ದಿವಾಳಿಯ ಅಂಚಿಗೆ ಬಂತು.

ಅಷ್ಟರಲ್ಲಿ ಬೇರೊಂದು ದಾರಿ ತೆರೆದಿತ್ತು. ಲಿಥಿಯಮ್ಮನ್ನು ಲೋಹವಾಗಿ ಇಡುವ ಬದಲು ಅಯಾನಿನ ರೂಪದಲ್ಲಿ ಇಂಗಾಲದ ಪದರಗಳ ನಡುವೆ ಸೇರಿಸಿಡುವ ಉಪಾಯ ಅದು. 1980ರಲ್ಲಿ ಗ್ರೆನೋಬಲ್‌ನಲ್ಲಿ ರಷೀದ್ ಯಜಾಮಿ ಗ್ರಾಫೈಟಿನೊಳಕ್ಕೆ ಲಿಥಿಯಂ ಹೋಗಿ ಮರಳುವುದನ್ನು ವಿದ್ಯುದ್ರಾಸಾಯನಿಕವಾಗಿ ತೋರಿಸಿದರು. ಬೆಲ್ ಲ್ಯಾಬ್ಸ್‌ನಲ್ಲಿ ಸಮರ್ ಬಸು ಇದೇ ಜಾಡಿನಲ್ಲಿ ಪೇಟೆಂಟ್ ಪಡೆದರು. 1985ರಲ್ಲಿ ಜಪಾನಿನ ಅಕಿರಾ ಯೋಶಿನೊ ಪೆಟ್ರೋಲಿಯಂ ಕೋಕನ್ನು ಆನೋಡ್ ಮಾಡಿ ಕಟ್ಟಿದ ಮಾದರಿಯೇ 1991ರಲ್ಲಿ ಸೋನಿ ಮಾರಿದ ಲಿಥಿಯಂ-ಅಯಾನ್ ಬ್ಯಾಟರಿಗೆ ತಳಹದಿಯಾಯಿತು. ವಿಟಿಂಗ್‌ಹ್ಯಾಮ್, ಯೋಶಿನೊ ಮತ್ತು ಜಾನ್ ಗುಡ್‌ಇನಫ್ 2019ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡದ್ದು ಲಿಥಿಯಂ-ಅಯಾನ್ ಬ್ಯಾಟರಿಯ ಬೆಳವಣಿಗೆಗಾಗಿ. ಲಿಥಿಯಂ ಲೋಹವನ್ನು ಬ್ಯಾಟರಿಯಿಂದ ಹೊರಗೆ ಹಾಕಿದ್ದೇ ಇಂಗಾಲ ಎನ್ನಬೇಕು. ಈಗ ಅದೇ ಇಂಗಾಲದ ಕೈಹಿಡಿಸಿ ಲೋಹವನ್ನು ಮರಳಿ ಒಳತರುವ ಯತ್ನ ನಡೆದಿದೆ.

ಲೋಹದ ಕಾಟಗಳು

ಗ್ರಾಫೈಟಿನಲ್ಲಿ ಆರು ಇಂಗಾಲದ ಪರಮಾಣುಗಳಿಗೆ ಒಂದು ಲಿಥಿಯಂ ಸೇರುತ್ತದೆ. ತುಂಬಿದಾಗ ಹರಳು ಸುಮಾರು ಶೇ. 10ರಷ್ಟು ಹಿಗ್ಗುತ್ತದೆ, ಅಷ್ಟೆ. ಲೋಹದ ತಗಡಿಗೆ ಇಂಥ ಮನೆಯೇ ಇಲ್ಲ. ಚದರ ಸೆಂಟಿಮೀಟರಿಗೆ 1 ಮಿಲಿಆಂಪಿಯರ್-ಗಂಟೆಯಷ್ಟು ಚಾರ್ಜ್ ಮಾಡಿದರೆ ಸುಮಾರು 4.85 ಮೈಕ್ರೋಮೀಟರ್ ದಪ್ಪದ ಲಿಥಿಯಂ ಹೊಸದಾಗಿ ಕೂರುತ್ತದೆ. ಕಾರಿನ ಬ್ಯಾಟರಿಗೆ ಬೇಕಾಗುವ 4 ಮಿಲಿಆಂಪಿಯರ್-ಗಂಟೆಗೆ ಇದು 19 ಮೈಕ್ರೋಮೀಟರ್ ದಾಟುತ್ತದೆ. ಅದೂ ಲಿಥಿಯಂ ಗಟ್ಟಿಯಾಗಿ, ಸಮತಟ್ಟಾಗಿ ಕೂತರೆ ಮಾತ್ರ. ವಾಸ್ತವದಲ್ಲಿ ಅದು ಪಾಚಿಯ ಹಾಗೆ ಪೊಳ್ಳಾಗಿ ಬೆಳೆಯುವುದರಿಂದ ದಪ್ಪ ಇನ್ನೂ ಹೆಚ್ಚು. ಪ್ರತಿ ಚಾರ್ಜಿಗೂ ಆನೋಡ್ ಎದ್ದು, ಪ್ರತಿ ಬಳಕೆಗೂ ಕುಸಿಯುತ್ತದೆ.

ಲಿಥಿಯಂ ಎಲೆಕ್ಟ್ರೋಲೈಟನ್ನು ಮುಟ್ಟಿದ ಕ್ಷಣವೇ ಅದರೊಡನೆ ವರ್ತಿಸಿ ತನ್ನ ಮೇಲೊಂದು ತೆಳು ಪೊರೆಯನ್ನು ಕಟ್ಟಿಕೊಳ್ಳುತ್ತದೆ. ಇಸ್ರೇಲಿನ ಎಮಾನ್ಯುಯೆಲ್ ಪೆಲೆಡ್ 1979ರಲ್ಲಿ ಇದರ ಸ್ವರೂಪವನ್ನು ವಿವರಿಸಿದರು. ಪೊರೆ ಅಯಾನುಗಳನ್ನು ಒಳಬಿಟ್ಟು ಎಲೆಕ್ಟ್ರಾನುಗಳನ್ನು ತಡೆಯುತ್ತದೆ. ಅದು ಗಟ್ಟಿಯಾಗಿ ನಿಂತರೆ ಒಳಗಿನ ಲೋಹಕ್ಕೆ ರಕ್ಷಣೆ. ಆದರೆ ಕೆಳಗಿನ ಲೋಹವೇ ಮೈಕ್ರೋಮೀಟರುಗಟ್ಟಲೆ ಮೇಲೆ ಕೆಳಗೆ ಆಡುವಾಗ ಪೊರೆ ಬಿರಿಯದೆ ಇರಲಾರದು. ಬಿರುಕಿನಲ್ಲಿ ಹೊಸ ಲಿಥಿಯಂ ತೆರೆದುಕೊಳ್ಳುತ್ತದೆ, ಮತ್ತೆ ವರ್ತಿಸುತ್ತದೆ, ಎಲೆಕ್ಟ್ರೋಲೈಟ್ ಖರ್ಚಾಗುತ್ತದೆ. ಬಿರುಕಿನ ಜಾಗದಲ್ಲಿ ವಿದ್ಯುತ್ ಹೆಚ್ಚು ನುಗ್ಗುವುದರಿಂದ ಅಲ್ಲೇ ಮುಂದಿನ ಎಳೆ ಚಿಗುರುತ್ತದೆ. ಈ ಎಳೆಗಳಿಗೆ ಡೆಂಡ್ರೈಟ್ ಎಂಬ ಹೆಸರಿದೆ. ಎಳೆ ಬೆಳೆದು ನಡುವಿನ ಸೆಪರೇಟರನ್ನು ಚುಚ್ಚಿದರೆ ಅಪಾಯ. ಬ್ಯಾಟರಿ ಬಳಸುವಾಗ ಎಳೆಯ ಬುಡವೇ ಮೊದಲು ಕರಗಿ ತುದಿ ಕಡಿದುಬಿದ್ದರೆ, ಆ ತುಂಡು ವಿದ್ಯುತ್ ಸಂಪರ್ಕ ಕಳೆದುಕೊಂಡು ಸತ್ತ ಲಿಥಿಯಂ ಆಗುತ್ತದೆ. 2019ರಲ್ಲಿ ಶರ್ಲಿ ಮೆಂಗ್ ಅವರ ತಂಡ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ ಇದನ್ನು ಅಳೆದು ತೋರಿಸಿತು. ನೀರಿನೊಡನೆ ವರ್ತಿಸಿದಾಗ ಹೊಮ್ಮುವ ಹೈಡ್ರೋಜನ್ನಿನಿಂದ ಉಳಿದ ಲೋಹದ ಲೆಕ್ಕ ಹಾಕಿದರೆ, ಬ್ಯಾಟರಿ ಕಳೆದುಕೊಳ್ಳುವ ಲಿಥಿಯಮ್ಮಿನಲ್ಲಿ ಹೆಚ್ಚಿನ ಪಾಲು ಪೊರೆಗೆ ಹೋದದ್ದಲ್ಲ, ಹೀಗೆ ಕಡಿದುಬಿದ್ದ ಲೋಹ ಎಂದು ತಿಳಿಯಿತು. ಆತಿಥೇಯ ರಚನೆಯ ಪರ ವಾದಿಸುವವರಿಗೆ ಇದು ಒಳ್ಳೆಯ ಆಧಾರ: ಎಲ್ಲೆಡೆ ವಿದ್ಯುತ್ ಹರಿಯುವ ಚೌಕಟ್ಟೊಂದು ಒಳಗಿದ್ದರೆ ತುಂಡು ಕಡಿದರೂ ಅದಕ್ಕೆ ತಗುಲಿಕೊಂಡಿರುವ ಸಾಧ್ಯತೆ ಹೆಚ್ಚು.

ನಷ್ಟವನ್ನು ಅಳೆಯುವ ಸಂಖ್ಯೆ ಕೂಲಂಬ್ ದಕ್ಷತೆ: ಹಾಕಿದ ಲಿಥಿಯಮ್ಮಿನಲ್ಲಿ ಮರಳಿ ಬಂದದ್ದೆಷ್ಟು ಎಂಬುದು. ಶೇ. 99 ಎಂದರೆ ಕೇಳಲು ಚೆನ್ನಾಗಿದೆ. ಆದರೆ ಹೆಚ್ಚುವರಿ ಲಿಥಿಯಂ ಇಡದ ಬ್ಯಾಟರಿಯಲ್ಲಿ 0.99ನ್ನು ನೂರು ಸಲ ಗುಣಿಸಿದರೆ ಉಳಿಯುವುದು ಶೇ. 37. ಸಾವಿರ ಸುತ್ತಿನ ಬಳಿಕವೂ ಶೇ. 80 ಉಳಿಯಬೇಕೆಂದರೆ ದಕ್ಷತೆ ಸುಮಾರು ಶೇ. 99.98 ಆಗಿರಬೇಕು. ಈ ಕ್ಷೇತ್ರದ ಯಾವ ಪ್ರಬಂಧವನ್ನು ಓದುವಾಗಲೂ ಈ ಗುಣಾಕಾರವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಇಂಗಾಲವೇ ಏಕೆ

ಚೌಕಟ್ಟಿಗೆ ತಾಮ್ರವೂ ಆಗುತ್ತದೆ, ನಿಕಲ್ ಕೂಡ. ಚೀನಾದ ಯು-ಗುವೊ ಗುವೊ ಅವರ ತಂಡ 2015ರಲ್ಲಿ ಮೂರು ಆಯಾಮದ ತಾಮ್ರದ ಜಾಲವನ್ನು ತೋರಿಸಿತ್ತು. ಆದರೆ ತಾಮ್ರದ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 9 ಗ್ರಾಂ. ಗ್ರಾಫೈಟ್ ಬಗೆಯ ಇಂಗಾಲದ್ದು ಸುಮಾರು 2.2. ಹಗುರವಾಗಿದ್ದು ವಿದ್ಯುತ್ ಹರಿಸುವ, ಲಿಥಿಯಮ್ಮಿನ ವಿಭವದಲ್ಲೂ ಕೆಡದ, ನಾರು-ಹಾಳೆ-ಗೋಳ ಯಾವ ರೂಪಕ್ಕೂ ಒಗ್ಗುವ ವಸ್ತು ಬೇರೊಂದು ಸುಲಭವಾಗಿ ಸಿಗದು.

ಚೌಕಟ್ಟು ಮಾಡುವ ಮೊದಲ ಉಪಕಾರ ವಿದ್ಯುತ್ತನ್ನು ಹಂಚುವುದು. 1901ರಲ್ಲಿ ಹೆನ್ರಿ ಸ್ಯಾಂಡ್ ತೋರಿಸಿದ ನಿಯಮದಂತೆ, ಎಲೆಕ್ಟ್ರೋಡಿನ ಮೇಲ್ಮೈ ಬಳಿ ಅಯಾನುಗಳು ಬರಿದಾಗಲು ಹಿಡಿಯುವ ಕಾಲ ವಿದ್ಯುತ್ ಸಾಂದ್ರತೆಯ ವರ್ಗಕ್ಕೆ ವಿಲೋಮವಾಗಿರುತ್ತದೆ. ಅದೇ ವಿದ್ಯುತ್ತನ್ನು ಎರಡುಪಟ್ಟು ಮೇಲ್ಮೈಗೆ ಹರಡಿದರೆ ಆ ಕಾಲ ನಾಲ್ಕುಪಟ್ಟಾಗುತ್ತದೆ. ಈ ವಾದವನ್ನು ಪ್ರಬಂಧಗಳು ಮಂತ್ರದಂತೆ ಹೇಳುತ್ತವೆ. ಆದರೆ ಅದನ್ನು ಅಳೆದು ಬಳಸಬೇಕು. ಎಂಐಟಿಯ ಮಾರ್ಟಿನ್ ಬಜಾಂಟ್ ಮತ್ತು ಸಂಗಡಿಗರು 2016ರಲ್ಲಿ ಗಾಜಿನ ಸಣ್ಣ ಕೊಳವೆಗಳಲ್ಲಿ ಲಿಥಿಯಂ ಬೆಳೆಯುವುದನ್ನು ನೋಡಿ, ಸ್ಯಾಂಡ್ ಕಾಲದ ಮುಂಚೆ ಬುಡದಿಂದ ಬೆಳೆಯುವ ಪಾಚಿ ರೂಪವೂ ಅನಂತರ ತುದಿಯಿಂದ ಬೆಳೆಯುವ ನಿಜವಾದ ಡೆಂಡ್ರೈಟೂ ಬೇರೆಬೇರೆ ಎಂದು ತೋರಿಸಿದರು. ಸಾಮಾನ್ಯ ಬಳಕೆಯಲ್ಲಿ ಬ್ಯಾಟರಿ ಸ್ಯಾಂಡ್ ಕಾಲವನ್ನು ಮುಟ್ಟುವುದೇ ಅಪರೂಪ. ಪಾಚಿಯನ್ನು ಹುಟ್ಟಿಸುವುದು ಪೊರೆಯ ದೌರ್ಬಲ್ಯ, ಅದಕ್ಕೆ ಮೇಲ್ಮೈ ಹೆಚ್ಚಿಸುವುದೊಂದೇ ಮದ್ದಲ್ಲ.

ಎರಡನೆಯದು ಜಾಗ. ಲಿಥಿಯಂ ಚೌಕಟ್ಟಿನ ಒಳಗೇ ತುಂಬಿ ಒಳಗೇ ಖಾಲಿಯಾದರೆ ಆನೋಡಿನ ಹೊರಗಿನ ದಪ್ಪ ಬಹುಮಟ್ಟಿಗೆ ಹಾಗೇ ಇರುತ್ತದೆ. ಮೂರನೆಯದು ಬೀಜ: ಲಿಥಿಯಮ್ಮಿನ ಮೊದಲ ಕಣ ಎಲ್ಲಿ ಕೂರಬೇಕೆಂಬುದನ್ನು ಇಂಗಾಲದ ಮೇಲ್ಮೈಯ ರಸಾಯನದಿಂದ ನಿರ್ಧರಿಸಬಹುದು. ಈ ಮೂರರಲ್ಲಿ ಹೆಚ್ಚು ಫಲ ಕೊಟ್ಟದ್ದು ಬೀಜದ ದಾರಿಯೇ.

ಗೋಳ, ಹಾಳೆ, ನಾರು, ಮರ

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಯಿ ಚುಯಿ ಅವರ ತಂಡ 2014ರಲ್ಲಿ ತಾಮ್ರದ ಹಾಳೆಯ ಮೇಲೆ ಒಂದಕ್ಕೊಂದು ಅಂಟಿದ ಟೊಳ್ಳು ಇಂಗಾಲದ ನ್ಯಾನೋಗೋಳಗಳ ಪದರವನ್ನು ಹಾಸಿತು. ಲಿಥಿಯಂ ಗೋಳದೊಳಗೆ ಹೋಗದೆ ಪದರದ ಕೆಳಗೆ ಕೂತು ಅದನ್ನು ಮೇಲೆತ್ತುತ್ತಿತ್ತು. 150ಕ್ಕೂ ಹೆಚ್ಚು ಸುತ್ತುಗಳವರೆಗೆ ಶೇ. 99ರಷ್ಟು ದಕ್ಷತೆ ಸಿಕ್ಕಿತು. ಕಟ್ಟುನಿಟ್ಟಾಗಿ ನೋಡಿದರೆ ಇದು ಆತಿಥೇಯವಲ್ಲ, ಹೊದಿಕೆ. ಆದರೂ ಕ್ಷೇತ್ರಕ್ಕೆ ಚಾಲನೆ ಕೊಟ್ಟ ಕೆಲಸಗಳಲ್ಲಿ ಇದನ್ನು ಎಣಿಸುತ್ತಾರೆ. ಅದೇ ವರ್ಷ ನ್ಯೂಯಾರ್ಕ್ ರಾಜ್ಯದ ರೆನ್ಸೆಲಾರ್ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ನಿಖಿಲ್ ಕೊರಾಟ್ಕರ್ ತಂಡ ಸರಂಧ್ರ ಗ್ರಾಫೀನ್ ಜಾಲದ ದೋಷಗಳೇ ಲಿಥಿಯಂ ಲೋಹ ರಂಧ್ರದೊಳಗೆ ಕೂರಲು ಪ್ರೇರಣೆ ಕೊಡುತ್ತವೆ ಎಂದು ವರದಿ ಮಾಡಿತು. ಹರಳಿನಲ್ಲಿ ಕೊರತೆ ಎನಿಸುವ ಮುರುಕು ಅಂಚು ಇಲ್ಲಿ ಉಪಯೋಗಕ್ಕೆ ಬಂತು.

2016ರಲ್ಲಿ ಚುಯಿ ತಂಡದಿಂದ ಎರಡು ಮುಖ್ಯ ಕೆಲಸಗಳು ಹೊರಬಂದವು. ಒಂದರಲ್ಲಿ ಯಾವ ಲೋಹದ ಮೇಲೆ ಲಿಥಿಯಂ ಸುಲಭವಾಗಿ ಕೂರುತ್ತದೆ ಎಂದು ಸಾಲಾಗಿ ಪರೀಕ್ಷಿಸಿದರು. ತಾಮ್ರದ ಮೇಲೆ ಮೊದಲ ಕಣ ಹುಟ್ಟಲು ಸುಮಾರು 40 ಮಿಲಿವೋಲ್ಟ್ ಹೆಚ್ಚುವರಿ ವಿಭವ ಬೇಕು. ಚಿನ್ನ, ಬೆಳ್ಳಿ, ಸತು, ಮೆಗ್ನೀಸಿಯಂ ಮುಂತಾದವು ಲಿಥಿಯಮ್ಮಿನಲ್ಲಿ ಸ್ವಲ್ಪವಾದರೂ ಕರಗುವುದರಿಂದ ಅವುಗಳ ಮೇಲೆ ಹೆಚ್ಚುಕಡಮೆ ಏನೂ ಬೇಡ. ಇದನ್ನು ಬಳಸಿ ಟೊಳ್ಳು ಇಂಗಾಲದ ಕೋಶಗಳೊಳಗೆ ಚಿನ್ನದ ನ್ಯಾನೋಕಣಗಳನ್ನಿಟ್ಟರು. ಲಿಥಿಯಂ ಹೊರಗೆ ಕೂರದೆ ಒಳಗೇ ತುಂಬಿತು. ಸಾಮಾನ್ಯ ಕಾರ್ಬೊನೇಟ್ ಎಲೆಕ್ಟ್ರೋಲೈಟಿನಲ್ಲಿ 300 ಸುತ್ತುಗಳವರೆಗೆ ಶೇ. 98ಕ್ಕಿಂತ ಹೆಚ್ಚು ದಕ್ಷತೆ ದೊರಕಿತು. ಈ ಎಲೆಕ್ಟ್ರೋಲೈಟ್ ಲಿಥಿಯಂ ಲೋಹಕ್ಕೆ ಒಗ್ಗದ್ದು ಎಂಬುದನ್ನು ನೆನೆದರೆ ಸಾಧನೆ ಚಿಕ್ಕದಲ್ಲ. ಮೇಲಿನ ಗುಣಾಕಾರವನ್ನು ನೆನೆದರೆ ಸಾಲದು ಕೂಡ.

ಇನ್ನೊಂದು ಕೆಲಸ ಗ್ರಾಫೀನ್ ಆಕ್ಸೈಡಿನದು. ಗ್ರಾಫೀನ್ ಆಕ್ಸೈಡ್ ಹಾಳೆಯ ಅಂಚನ್ನು ಕರಗಿದ ಲಿಥಿಯಮ್ಮಿಗೆ ತಾಗಿಸಿದಾಗ ಕಿಡಿ ಹಾರಿ, ಪದರಗಳು ಬಿಡಿಸಿಕೊಂಡು ನಡುವೆ ನ್ಯಾನೋ ಗಾತ್ರದ ಸಂದುಗಳಾದವು. ಮತ್ತೆ ತಾಗಿಸಿದರೆ ಕರಗಿದ ಲೋಹ ಆ ಸಂದುಗಳಲ್ಲಿ ತಾನಾಗಿ ಏರಿತು. ಹೀಗೆ ಸಿಕ್ಕ ಮಿಶ್ರ ವಸ್ತುವಿನಲ್ಲಿ ಇಂಗಾಲದ ಪಾಲು ತೂಕದಲ್ಲಿ ಶೇ. 7 ಮಾತ್ರ. ಸಾಮರ್ಥ್ಯ ಗ್ರಾಮಿಗೆ ಸುಮಾರು 3,390 ಮಿಲಿಆಂಪಿಯರ್-ಗಂಟೆ, ದಪ್ಪದ ಏರಿಳಿತ ಸುಮಾರು ಶೇ. 20. ಇಂಗಾಲವನ್ನು ಇಷ್ಟು ಕಡಮೆ ಬಳಸಿ ಇಷ್ಟು ಲಾಭ ಪಡೆದ ಇನ್ನೊಂದು ಉದಾಹರಣೆ ಹುಡುಕುವುದು ಕಷ್ಟ. ಇದೇ ತಂಡ ಇಂಗಾಲದ ನಾರಿನ ಮೇಲೆ ಸಿಲಿಕಾನ್ ಲೇಪಿಸಿ ಕರಗಿದ ಲಿಥಿಯಂ ತುಂಬಿದ್ದೂ ಆ ವರ್ಷವೇ.

ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಲಿಯಾಂಗ್‌ಬಿಂಗ್ ಹು ಅವರದು ಬೇರೆ ಬಗೆಯ ಚಾತುರ್ಯ. ಮರದಲ್ಲಿ ನೀರೇರುವ ನಾಳಗಳು ನೆಟ್ಟಗೆ ಸಾಲಾಗಿ ಇರುತ್ತವೆ. ಮರದ ತುಂಡನ್ನು ಇದ್ದಿಲಾಗಿಸಿದರೂ ನಾಳಗಳು ಉಳಿಯುತ್ತವೆ. ಅವುಗಳ ಒಳಮೈಗೆ ಸತುವಿನ ಆಕ್ಸೈಡ್ ಲೇಪಿಸಿ 2017ರಲ್ಲಿ ಲಿಥಿಯಂ ತುಂಬಿಸಿದರು. ಅಯಾನುಗಳಿಗೆ ಅಂಕುಡೊಂಕಿಲ್ಲದ ನೇರ ದಾರಿ ಸಿಕ್ಕಿತು.

ಬೀಜಿಂಗಿನ ತ್ಸಿಂಗ್‌ಹುವಾ ವಿಶ್ವವಿದ್ಯಾಲಯದಲ್ಲಿ ಚಿಯಾಂಗ್ ಜಾಂಗ್ ತಂಡ ಲೋಹದ ಬೀಜವೇ ಬೇಡವೆಂದು ಗ್ರಾಫೀನಿನ ಜಾಲದಲ್ಲಿ ಸಾರಜನಕವನ್ನು ಬೆರೆಸಿತು. 2017ರ ಈ ಕೆಲಸದ ಪ್ರಕಾರ ಪಿರಿಡಿನ್ ಮತ್ತು ಪಿರೋಲ್ ಬಗೆಯ ಸಾರಜನಕ ಪರಮಾಣುಗಳು ಎಲೆಕ್ಟ್ರಾನ್ ಸಮೃದ್ಧ ತಾಣಗಳಾಗಿ ಲಿಥಿಯಂ ಅಯಾನನ್ನು ಹತ್ತಿರ ಸೆಳೆಯುತ್ತವೆ. ಆಮ್ಲಜನಕ, ಗಂಧಕ, ಬೋರಾನ್, ರಂಜಕ ಇವನ್ನೂ ಒಂಟಿಯಾಗಿ, ಜೋಡಿಯಾಗಿ ಬೆರೆಸಿ ನೋಡಿದ್ದಾರೆ. ಅವೆಲ್ಲವನ್ನೂ ಇಲ್ಲಿ ಎಣಿಸುವುದರಿಂದ ಪ್ರಯೋಜನವಿಲ್ಲ, ಏಕೆಂದರೆ ಮೊದಲ ಪದರ ಲಿಥಿಯಂ ಕೂತ ಮೇಲೆ ಮುಂದಿನ ಲಿಥಿಯಂ ನೋಡುವುದು ಸಾರಜನಕವನ್ನಲ್ಲ, ಲಿಥಿಯಮ್ಮನ್ನೇ. ಬೀಜ ಎಲ್ಲೆಲ್ಲಿ ಬೀಳುತ್ತದೆಂಬುದನ್ನು ಬೆರಕೆ ನಿರ್ಧರಿಸಬಲ್ಲದು, ಬೆಳೆಯ ಇಡೀ ಸ್ವರೂಪವನ್ನಲ್ಲ.

ಅಂಟುವುದೋ ಜಾರುವುದೋ

ಕರಗಿದ ಲಿಥಿಯಮ್ಮನ್ನು ಇಂಗಾಲದ ಬಟ್ಟೆಯ ಮೇಲೆ ಸುರಿದರೆ ಕೆಸುವಿನ ಎಲೆಯ ಮೇಲಿನ ನೀರಿನಂತೆ ಉಂಡೆಗಟ್ಟಿ ನಿಲ್ಲುತ್ತದೆ. ಆದ್ದರಿಂದ ಇಂಗಾಲ ಲಿಥಿಯಂಸ್ನೇಹಿಯಲ್ಲ, ಅದಕ್ಕೆ ಬೆಳ್ಳಿ, ಸಿಲಿಕಾನ್, ಸತುವಿನ ಆಕ್ಸೈಡ್ ಯಾವುದಾದರೂ ಲೇಪ ಬೇಕೇಬೇಕು ಎಂಬ ನಂಬಿಕೆ ಬೆಳೆಯಿತು. ಚೀನಾದ ಸಂಶೋಧಕರು 2020ರಲ್ಲಿ ಇದನ್ನು ಪ್ರಶ್ನಿಸಿದರು. ಶುದ್ಧವಾದ, ಒಪ್ಪವಾಗಿ ಪದರಗೊಂಡ ಗ್ರಾಫೈಟಿನ ಮೇಲೆ ಕರಗಿದ ಲಿಥಿಯಂ ಮಾಡುವ ಸ್ಪರ್ಶಕೋನ 73 ಡಿಗ್ರಿ. ಅಂದರೆ ಅದು ಅಂಟುತ್ತದೆ. ಅದೇ ಗ್ರಾಫೈಟಿನಿಂದಾದ ಸರಂಧ್ರ ಇಂಗಾಲದ ಕಾಗದದ ಮೇಲೆ ಕೋನ 142 ಡಿಗ್ರಿ. ಕೊರತೆ ಇಂಗಾಲದ ಸ್ವಭಾವದಲ್ಲಿಲ್ಲ, ಮೇಲ್ಮೈಯ ಕಲ್ಮಶ ಮತ್ತು ಒರಟುತನದಲ್ಲಿದೆ ಎಂಬುದು ಅವರ ನಿಲುವು. ಮುಂಚೆಯೇ ಲಿಥಿಯಂ ಸೇರಿಸಿಕೊಂಡ ಇಂಗಾಲದ ಕಾಗದಕ್ಕೆ ಲೋಹ ತಾನಾಗಿ ಇಳಿಯಿತು. ಕರಗಿದ ಲಿಥಿಯಂ ಅಂಟುವುದಕ್ಕೂ ಬ್ಯಾಟರಿಯೊಳಗೆ ಕೋಣೆಯ ಉಷ್ಣತೆಯಲ್ಲಿ ಅಯಾನು ಲೋಹವಾಗಿ ಕೂರುವುದಕ್ಕೂ ನೇರ ಸಂಬಂಧವಿದೆಯೆಂದು ಹಲವರು ಊಹಿಸಿಕೊಂಡು ಬರೆಯುತ್ತಾರೆ. ಎರಡೂ ಒಂದೇ ಅಲ್ಲ: ಮೊದಲನೆಯದರಲ್ಲಿ ಎಲೆಕ್ಟ್ರೋಲೈಟೂ ಇಲ್ಲ, ಪೊರೆಯೂ ಇಲ್ಲ.

ತೂಕದ ಲೆಕ್ಕ

ಆತಿಥೇಯ ವಸ್ತುವಿನ ದೊಡ್ಡ ಪರೀಕ್ಷೆ ತಕ್ಕಡಿ. ಚದರ ಸೆಂಟಿಮೀಟರಿಗೆ 4 ಮಿಲಿಆಂಪಿಯರ್-ಗಂಟೆ ಬೇಕಾದರೆ ಲಿಥಿಯಮ್ಮಿನ ತೂಕ ಸುಮಾರು 1 ಮಿಲಿಗ್ರಾಂ. ಅಷ್ಟೇ ವಿದ್ಯುತ್ತಿಗೆ ಗ್ರಾಫೈಟ್ ಆನೋಡಾದರೆ 11 ಮಿಲಿಗ್ರಾಂ ಹತ್ತಿರ. ಈಗ ಇಂಧನಕೋಶಗಳಿಗೆಂದು ಮಾರುವ ಇಂಗಾಲದ ಕಾಗದವನ್ನು ಚೌಕಟ್ಟಾಗಿ ಬಳಸಿದೆವೆನ್ನಿ. ಸಾಮಾನ್ಯವಾಗಿ ಸಿಗುವ ಬಗೆಯೊಂದು 0.19 ಮಿಲಿಮೀಟರ್ ದಪ್ಪವಿದ್ದು ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ 0.44 ಗ್ರಾಂ, ಚದರ ಸೆಂಟಿಮೀಟರಿಗೆ ಸುಮಾರು 8 ಮಿಲಿಗ್ರಾಂ ಆಯಿತು. ಲಿಥಿಯಂ ಸೇರಿದರೆ 9ರ ಮೇಲೆ. ಗ್ರಾಫೈಟಿಗಿಂತ ಗಳಿಸಿದ್ದು ಅತ್ಯಲ್ಪ. ಇಷ್ಟಕ್ಕೇ ಮುಗಿಯದು. ಕಾಗದದ ಮುಕ್ಕಾಲು ಭಾಗ ಖಾಲಿ ಜಾಗ, ಅದನ್ನೆಲ್ಲ ಎಲೆಕ್ಟ್ರೋಲೈಟ್ ತುಂಬಬೇಕು. ಅದರ ಭಾರವೇ 15 ಮಿಲಿಗ್ರಾಂ ಮೀರುತ್ತದೆ. ಸುತ್ತುಗಳ ಸಂಖ್ಯೆ ಎಷ್ಟೇ ಸುಂದರವಾಗಿರಲಿ, ಇಂಥ ಬ್ಯಾಟರಿ ಮಾಮೂಲಿ ಲಿಥಿಯಂ-ಅಯಾನ್ ಬ್ಯಾಟರಿಗಿಂತ ಭಾರ.

ಚೌಕಟ್ಟನ್ನು ಬೇಕಾದಷ್ಟೇ ದಪ್ಪಕ್ಕೆ ಇಳಿಸಿದರೂ ಶೇ. 70 ರಂಧ್ರವಿದ್ದರೆ ಇಂಗಾಲ ಲಿಥಿಯಮ್ಮಿಗಿಂತ ಹೆಚ್ಚು ತೂಗುತ್ತದೆ. ಶೇ. 90ಕ್ಕೆ ಏರಿಸಿದಾಗ ಮಾತ್ರ ಇಂಗಾಲ ಲಿಥಿಯಮ್ಮಿನ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಅಷ್ಟು ಪೊಳ್ಳಾದ ಚೌಕಟ್ಟು ಬ್ಯಾಟರಿ ಕಟ್ಟುವಾಗಿನ ಒತ್ತಡಕ್ಕೆ ಅಪ್ಪಚ್ಚಿಯಾಗದೆ ನಿಲ್ಲುವಂತೆ ಮಾಡುವುದೂ ಒಂದು ಸವಾಲು.

ಇನ್ನೆರಡು ತೊಡಕುಗಳಿವೆ. ಮೇಲ್ಮೈ ಹೆಚ್ಚಿದಷ್ಟೂ ಪೊರೆ ಕಟ್ಟಲು ಖರ್ಚಾಗುವ ಲಿಥಿಯಂ ಹೆಚ್ಚು. ಮೊದಲ ಕೆಲವು ಸುತ್ತುಗಳಲ್ಲೇ ಗಣನೀಯ ಪಾಲು ಹೋಗುತ್ತದೆ. ಎರಡನೆಯದಾಗಿ, ಇಂಗಾಲ ಎಲ್ಲೆಡೆಯೂ ಚೆನ್ನಾಗಿ ವಿದ್ಯುತ್ ಹರಿಸುವುದರಿಂದ ಅಯಾನು ಆಳಕ್ಕೆ ಇಳಿಯುವ ಅಗತ್ಯವೇ ಇಲ್ಲ. ಸೆಪರೇಟರಿಗೆ ಹತ್ತಿರವಿರುವ ಮೇಲ್ತುದಿಯಲ್ಲೇ ಅದಕ್ಕೆ ಎಲೆಕ್ಟ್ರಾನ್ ಸಿಗುತ್ತದೆ. ಲಿಥಿಯಂ ಮೇಲೆಯೇ ರಾಶಿಯಾಗಿ, ಕೆಳಗಿನ ರಂಧ್ರಗಳು ಖಾಲಿ ಉಳಿಯುತ್ತವೆ. ಇದಕ್ಕೆ ಪರಿಹಾರವಾಗಿ ಬುಡದಲ್ಲಿ ಲಿಥಿಯಂಸ್ನೇಹಿ, ಮೇಲೆ ಲಿಥಿಯಂವಿಮುಖ ಆಗಿ ಹಂತಹಂತವಾಗಿ ಬದಲಾಗುವ ಪದರಗಳು ಬಂದವು. 2018ರಲ್ಲಿ ಪ್ರಕಟವಾದ ಒಂದು ರಚನೆಯಲ್ಲಿ ಕೆಳಗೆ ಸತುವಿನ ಆಕ್ಸೈಡ್ ಬೆರೆತ ನ್ಯಾನೋಕೊಳವೆ, ಮೇಲೆ ಬರಿಯ ನ್ಯಾನೋಕೊಳವೆ ಇತ್ತು.

ಪ್ರಯೋಗಾಲಯದ ಫಲಿತಾಂಶ ಓದುವಾಗ ಗಮನಿಸಬೇಕಾದ್ದು ಇನ್ನೂ ಇದೆ. ಬಿಲ್ಲೆ ಬ್ಯಾಟರಿಯಲ್ಲಿ ಎಲೆಕ್ಟ್ರೋಲೈಟ್ ಧಾರಾಳ. ಲಿಥಿಯಂ ತಗಡು ಕಾಲು ಮಿಲಿಮೀಟರ್ ದಪ್ಪವಿದ್ದರೆ ಅದರಲ್ಲಿ ಚದರ ಸೆಂಟಿಮೀಟರಿಗೆ 50 ಮಿಲಿಆಂಪಿಯರ್-ಗಂಟೆಗೂ ಮಿಕ್ಕಿದ ಸಂಗ್ರಹವಿರುತ್ತದೆ. ನಷ್ಟವಾದರೂ ಗೊತ್ತಾಗುವುದಿಲ್ಲ. ಎರಡೂ ಕಡೆ ಲಿಥಿಯಂ ಇಟ್ಟು ಮಾಡುವ ಪರೀಕ್ಷೆಯಲ್ಲಿ ವೋಲ್ಟೇಜ್ ಗೆರೆ ಸಾವಿರಾರು ಗಂಟೆ ಸಮವಾಗಿದ್ದರೆ ಅದು ಸ್ಥಿರತೆಯ ಗುರುತಾಗಿರಬಹುದು. ಒಳಗೆ ಸಣ್ಣದೊಂದು ಶಾರ್ಟ್ ಆಗಿ ವಿದ್ಯುತ್ ಸದ್ದಿಲ್ಲದೆ ಹರಿಯುತ್ತಿರುವುದರ ಗುರುತೂ ಆಗಿರಬಹುದು.

ಈ ಹಿನ್ನೆಲೆಯಲ್ಲಿ ಅಮೆರಿಕದ ಇಂಧನ ಇಲಾಖೆ 2016ರಲ್ಲಿ ಆರಂಭಿಸಿದ ಬ್ಯಾಟರಿ500 ಕೂಟದ ಕೆಲಸಕ್ಕೆ ಬೆಲೆ ಹೆಚ್ಚು. ಕಿಲೋಗ್ರಾಮಿಗೆ 500 ವ್ಯಾಟ್-ಗಂಟೆ ಅದರ ಗುರಿ. ಇಂದಿನ ಉತ್ತಮ ಲಿಥಿಯಂ-ಅಯಾನ್ ಕೋಶಗಳು 250ರಿಂದ 300ರ ಆಸುಪಾಸಿನಲ್ಲಿವೆ. ಪೆಸಿಫಿಕ್ ನಾರ್ತ್‌ವೆಸ್ಟ್ ರಾಷ್ಟ್ರೀಯ ಪ್ರಯೋಗಾಲಯದ ಜುನ್ ಲಿಯು ಮತ್ತು ಸಂಗಡಿಗರು 2019ರಲ್ಲಿ ಅಮೀನ್ ಗುಂಪುಗಳನ್ನು ಜೋಡಿಸಿದ ಸರಂಧ್ರ ಇಂಗಾಲದ ನ್ಯಾನೋನಾರುಗಳಲ್ಲಿ ಲಿಥಿಯಂ ತುಂಬಿ, ನಿಕಲ್ ಹೆಚ್ಚಿರುವ ಕ್ಯಾಥೋಡಿನ ಜೊತೆ ಕಿಲೋಗ್ರಾಮಿಗೆ 350ರಿಂದ 380 ವ್ಯಾಟ್-ಗಂಟೆಯ ಕೋಶವನ್ನು 200 ಸುತ್ತುಗಳವರೆಗೆ ಓಡಿಸಿದರು. ಎಲೆಕ್ಟ್ರೋಲೈಟನ್ನು ಆಂಪಿಯರ್-ಗಂಟೆಗೆ 3 ಗ್ರಾಮಿನೊಳಗೆ, ಹೆಚ್ಚುವರಿ ಲಿಥಿಯಮ್ಮನ್ನು ಕ್ಯಾಥೋಡಿನ ಎರಡುಪಟ್ಟಿನೊಳಗೆ ಇಟ್ಟು ಪಡೆದ ಫಲ ಇದು. 200 ಸುತ್ತು ಎಂಬುದು ಇತರ ಪ್ರಬಂಧಗಳ ಸಾವಿರದೆದುರು ಚಿಕ್ಕದಾಗಿ ಕಂಡರೂ ಇಲ್ಲಿ ಎಲ್ಲ ತೂಕವೂ ಲೆಕ್ಕಕ್ಕೆ ಬಂದಿದೆ. ಕುತೂಹಲದ ಸಂಗತಿಯೆಂದರೆ 2021ರಲ್ಲಿ ಅದೇ ಪ್ರಯೋಗಾಲಯ 350 ವ್ಯಾಟ್-ಗಂಟೆಯ ಕೋಶವನ್ನು 600 ಸುತ್ತು ಓಡಿಸಿದಾಗ ಚೌಕಟ್ಟನ್ನೇ ಬಳಸಲಿಲ್ಲ. 20 ಮೈಕ್ರೋಮೀಟರಿನ ತೆಳು ಲಿಥಿಯಂ ತಗಡು ಮತ್ತು ಸುಧಾರಿತ ಎಲೆಕ್ಟ್ರೋಲೈಟ್ ಆ ಕೆಲಸ ಮಾಡಿದವು. ಚೌಕಟ್ಟಿನ ಪರವಾದಿಗಳು ಇನ್ನೂ ಈ ಫಲಿತಾಂಶಕ್ಕೆ ಸಮವಾದ ಉತ್ತರ ಕೊಡಬೇಕಾಗಿದೆ.

ಘನ ಎಲೆಕ್ಟ್ರೋಲೈಟಿನ ಕಡೆ

ದ್ರವದ ಬದಲು ಘನ ಎಲೆಕ್ಟ್ರೋಲೈಟ್ ಬಳಸಿದಾಗ ಇಂಗಾಲದ ಪಾತ್ರ ಬೇರೆಯಾಗುತ್ತದೆ, ಮತ್ತು ಇಲ್ಲಿಯೇ ಅದು ಹೆಚ್ಚು ಮಿಂಚಿದೆ. ದಕ್ಷಿಣ ಕೊರಿಯಾದ ಸ್ಯಾಮ್‌ಸಂಗ್‌ನ ಸಂಶೋಧನಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಕೋಶದಲ್ಲಿ ಆನೋಡ್ ಜಾಗದಲ್ಲಿ ಲಿಥಿಯಮ್ಮೇ ಇರಲಿಲ್ಲ. ಕೆಲವೇ ಮೈಕ್ರೋಮೀಟರ್ ದಪ್ಪದ, ಬೆಳ್ಳಿಯ ನ್ಯಾನೋಕಣ ಮತ್ತು ಇಂಗಾಲದ ಮಸಿ ಬೆರೆಸಿದ ಪದರ ಇತ್ತು. ಚಾರ್ಜ್ ಮಾಡುವಾಗ ಕ್ಯಾಥೋಡಿನಿಂದ ಬಂದ ಲಿಥಿಯಂ ಮೊದಲು ಬೆಳ್ಳಿಯಲ್ಲಿ ಕರಗಿ, ಪದರವನ್ನು ಹಾದು, ಅದರ ಹಿಂದೆ ಲೋಹದ ಹಾಳೆಯ ಬಳಿ ಒಟ್ಟಾಗುತ್ತದೆ. ಗಂಧಕ ಆಧಾರಿತ ಘನ ಎಲೆಕ್ಟ್ರೋಲೈಟನ್ನು ಲಿಥಿಯಂ ನೇರ ಮುಟ್ಟುವುದೇ ಇಲ್ಲ. 0.6 ಆಂಪಿಯರ್-ಗಂಟೆಯ ಕೋಶ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾವಿರಕ್ಕೂ ಹೆಚ್ಚು ಸುತ್ತು ಓಡಿತು; ಲೀಟರಿಗೆ 900 ವ್ಯಾಟ್-ಗಂಟೆಗೂ ಮಿಕ್ಕಿದ ಶಕ್ತಿ ಸಾಂದ್ರತೆ, ಶೇ. 99.8 ಮೀರಿದ ದಕ್ಷತೆ. ಇಲ್ಲಿ ಇಂಗಾಲ ಮನೆಯಾಗಿ ಉಳಿಯದೆ ಹೊಸ್ತಿಲಷ್ಟೇ ಆಗಿದೆ. ಕಡಮೆ ಇಂಗಾಲ, ಹೆಚ್ಚು ಕೆಲಸ. ಬೆಳ್ಳಿಯ ಬೆಲೆ, ಬಿಸಿಯಲ್ಲಿ ಸುತ್ತಲಿಂದಲೂ ಒತ್ತಿ ತಯಾರಿಸಬೇಕಾದ ಪ್ರಕ್ರಿಯೆ ಇವು ಅದರ ಮಿತಿಗಳು.

ಎಂಐಟಿಯಲ್ಲಿ ಜು ಲಿ ತಂಡ ಅದೇ ವರ್ಷ ಸುಮಾರು 100 ನ್ಯಾನೋಮೀಟರ್ ಅಗಲದ ಟೊಳ್ಳು ಇಂಗಾಲದ ಕೊಳವೆಗಳಲ್ಲಿ ಲಿಥಿಯಂ ತುಂಬಿ ಖಾಲಿಯಾಗುವುದನ್ನು ತೋರಿಸಿತು. ಲೋಹ ಕೊಳವೆಯ ಗೋಡೆಯ ಗುಂಟ ಪರಮಾಣು ಪರಮಾಣುವಾಗಿ ತೆವಳಿ ಸಾಗುತ್ತದೆ. ಆದ್ದರಿಂದ ಒಳಗೆ ಒತ್ತಡ ಏರಿ ಎಲೆಕ್ಟ್ರೋಲೈಟ್ ಬಿರಿಯುವ ಪ್ರಸಂಗ ತಪ್ಪುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಾಗ ಫಣಿ ಆಯೇಟುಕೂರಿ ತಂಡ 2022ರಲ್ಲಿ ಘನ ಬ್ಯಾಟರಿಯ ಸಮಸ್ಯೆಗೆ ಬೇರೆ ಬದಿಯಿಂದ ಕೈ ಹಾಕಿತು. ಘನ ಬ್ಯಾಟರಿಯಲ್ಲಿ ಡೆಂಡ್ರೈಟ್ ಹುಟ್ಟುವುದು ಬಳಕೆಯ ವೇಳೆ ಲಿಥಿಯಂ ಮೇಲ್ಮೈಯಲ್ಲಿ ಉಂಟಾಗುವ ಸಣ್ಣ ಪೊಳ್ಳುಗಳ ಅಂಚಿನಲ್ಲಿ ಎಂದು ತೋರಿಸಿ, ಟಂಗ್‌ಸ್ಟನ್‌ನಂಥ ಲಿಥಿಯಮ್ಮಿನಲ್ಲಿ ಕರಗದ ಲೋಹದ ಅತಿ ತೆಳು ಪದರವನ್ನು ನಡುವೆ ಇಟ್ಟರೆ ಪೊಳ್ಳಾಗುವುದು ತಡವಾಗುತ್ತದೆ ಎಂದಿತು. ಬೆಳ್ಳಿ-ಇಂಗಾಲದ ಜಾಡು ಕರಗುವ ಲೋಹವನ್ನು ಹುಡುಕಿದರೆ ಇದು ಕರಗದ್ದನ್ನು ಆರಿಸಿತು. ಚಾರ್ಜ್ ಮಾಡುವಾಗಿನ ಕಷ್ಟಕ್ಕೆ ಒಂದು ಉತ್ತರ, ಬಳಸುವಾಗಿನ ಕಷ್ಟಕ್ಕೆ ಇನ್ನೊಂದು.

ಸುರಕ್ಷತೆ

ಸುರಕ್ಷಿತ ಎಂಬ ಮಾತನ್ನಾಡುವ ಪ್ರಬಂಧಗಳು ಈ ಕ್ಷೇತ್ರದಲ್ಲಿ ಬಹಳ. ಹೆಚ್ಚಿನವು ಆ ಮಾತಿಗೆ ಕೊಡುವ ಆಧಾರ ಇಷ್ಟೇ: ಸಣ್ಣ ಕೋಶ ಇಷ್ಟು ಗಂಟೆ ಶಾರ್ಟ್ ಆಗಲಿಲ್ಲ. ಕಾರಿನ ಬ್ಯಾಟರಿಯ ಸುರಕ್ಷತೆ ಬೇರೆಯೇ. ಮೊಳೆ ಹೊಡೆದಾಗ, ಜಜ್ಜಿದಾಗ, ಅತಿಯಾಗಿ ಚಾರ್ಜ್ ಮಾಡಿದಾಗ, ಕಾಯಿಸಿದಾಗ ಏನಾಗುತ್ತದೆ ಎಂಬುದನ್ನು ದೊಡ್ಡ ಕೋಶದಲ್ಲಿ ನೋಡಬೇಕು. ಲಿಥಿಯಂ 180.5 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಕೋಶ ಒಮ್ಮೆ ತಾನಾಗಿ ಬಿಸಿಯೇರಲು ತೊಡಗಿದರೆ ಆ ಉಷ್ಣತೆ ದೂರವಿಲ್ಲ. ಕರಗಿದ ಲೋಹವನ್ನು ಹಿಡಿದಿಟ್ಟುಕೊಳ್ಳುವ ರಂಧ್ರಗಳಿದ್ದರೆ ಅದು ಹರಿದು ಕ್ಯಾಥೋಡನ್ನು ಮುಟ್ಟುವುದು ತಡೆದೀತು, ಇದು ಚೌಕಟ್ಟಿನ ಪರವಾದ ಮಾತು. ಅದೇ ಚೌಕಟ್ಟು ಲೋಹವನ್ನು ಸಣ್ಣಸಣ್ಣ ತುಣುಕಾಗಿ ಹರಡಿ ದಹನಶೀಲ ಎಲೆಕ್ಟ್ರೋಲೈಟಿಗೆ ಹೆಚ್ಚು ಮೈ ಒಡ್ಡುವುದರಿಂದ ಶಾಖ ಬೇಗ ಹೊಮ್ಮೀತು, ಇದು ವಿರುದ್ಧವಾದ ಮಾತು. ಎರಡರಲ್ಲಿ ಯಾವುದು ಮೇಲಾಗುತ್ತದೆಂಬುದು ಎಲೆಕ್ಟ್ರೋಲೈಟ್ ಎಷ್ಟಿದೆ, ಎಂಥದು ಎಂಬುದರ ಮೇಲೆ ನಿಂತಿದೆ. ಇಂಗಾಲದ ರೂಪವೊಂದನ್ನೇ ನೋಡಿ ಹೇಳುವಂತಿಲ್ಲ.

ತಯಾರಿಕೆಯ ವೇಳೆಯ ಅಪಾಯವೂ ಉಂಟು. ಕರಗಿದ ಲಿಥಿಯಂ ತುಂಬುವ ವಿಧಾನಕ್ಕೆ ತೇವವಿಲ್ಲದ ಆರ್ಗಾನ್ ಆವರಣ ಬೇಕು. ಸಾಮಾನ್ಯ ಒಣ ಕೊಠಡಿಯ ಗಾಳಿಯಲ್ಲಿ ಸಾರಜನಕ ಇದ್ದೇ ಇರುತ್ತದೆ, ಕರಗಿದ ಲಿಥಿಯಂ ಅದರೊಡನೆಯೂ ವರ್ತಿಸುತ್ತದೆ. ಮೀಟರುಗಟ್ಟಲೆ ಉದ್ದದ ಹಾಳೆಗಳನ್ನು ಹೀಗೆ ತುಂಬುವುದು ಪ್ರಯೋಗಾಲಯದ ಬಿಲ್ಲೆ ತುಂಬಿದಷ್ಟು ಸಲೀಸಲ್ಲ.

ಗ್ರಾಫೈಟಿಗೇ ಮರಳಿ

ಇವೆಲ್ಲಕ್ಕಿಂತ ಸರಳವಾದ ಉಪಾಯವೊಂದಿದೆ. ಕಾರ್ಖಾನೆಗಳು ಈಗಾಗಲೇ ಮಾಡುತ್ತಿರುವ ಗ್ರಾಫೈಟ್ ಆನೋಡನ್ನೇ ತೆಳ್ಳಗೆ ಹಾಸಿ, ಅದು ಹಿಡಿಯುವಷ್ಟು ಲಿಥಿಯಂ ಅಯಾನು ಸೇರಿದ ಮೇಲೂ ಚಾರ್ಜ್ ಮಾಡುತ್ತಾ ಹೋದರೆ ಮಿಕ್ಕ ಲಿಥಿಯಂ ಅದರ ಮೇಲೆ ಲೋಹವಾಗಿ ಕೂರುತ್ತದೆ. ಸಾಮಾನ್ಯ ಬ್ಯಾಟರಿಯಲ್ಲಿ ಇದನ್ನು ಅಪಾಯವೆಂದು ತಡೆಯುತ್ತಾರೆ. ಇಲ್ಲಿ ಬೇಕೆಂದೇ ಮಾಡುತ್ತಾರೆ. ಕೆನಡಾದ ಡಾಲ್‌ಹೌಸಿ ವಿಶ್ವವಿದ್ಯಾಲಯದಲ್ಲಿ ಜೆಫ್ ಡಾನ್ ಗುಂಪು 2020ರಲ್ಲಿ ಇಂಥ ಮಿಶ್ರ ಕೋಶಗಳನ್ನು ವಿವರಿಸಿತು. ದಿನದಿನದ ಓಡಾಟಕ್ಕೆ ಗ್ರಾಫೈಟಿನೊಳಗಿನ ಲಿಥಿಯಂ ಸಾಕು, ಅಲ್ಲಿ ನಷ್ಟ ಅತ್ಯಲ್ಪ. ದೂರದ ಪ್ರಯಾಣವಿದ್ದಾಗ ಮಾತ್ರ ಪೂರ್ಣ ಚಾರ್ಜ್ ಮಾಡಿ ಲೋಹದ ಪದರವನ್ನೂ ಬಳಸಿಕೊಳ್ಳಬಹುದು. ಲೋಹದ ಸುತ್ತುಗಳು ವರ್ಷಕ್ಕೆ ಕೆಲವೇ ಆಗುವುದರಿಂದ ಶೇ. 99.98ರ ಬೆನ್ನು ಹತ್ತಬೇಕಾಗಿಲ್ಲ.

ಭಾರತಕ್ಕೆ ಈ ದಾರಿಯಲ್ಲಿ ವಿಶೇಷ ಅನುಕೂಲವಿದೆ. ಮಂಡ್ಯ ಜಿಲ್ಲೆಯ ಮಾರ್ಲಗಲ್ಲದಲ್ಲಿ ಅಣುಖನಿಜ ನಿರ್ದೇಶನಾಲಯ 2021ರಲ್ಲಿ ಅಂದಾಜಿಸಿದ ಲಿಥಿಯಂ 1,600 ಟನ್ ಮಾತ್ರ. ಆದರೆ ಉಕ್ಕಿನ ಕಾರ್ಖಾನೆಗಳ ಕೋಕ್ ಕುಲುಮೆಗಳಿಂದ ಬರುವ ಕಲ್ಲಿದ್ದಲಿನ ಟಾರು ಇಲ್ಲಿ ಹೇರಳ. ಅದರಿಂದ ಪಿಚ್ ಮತ್ತು ಕೋಕ್ ತೆಗೆದು, ಸುಮಾರು 2,500 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯಿಸಿ ಕೃತಕ ಗ್ರಾಫೈಟ್ ಮಾಡಬಹುದು. ಬ್ಯಾಟರಿಯಲ್ಲಿ ದುಬಾರಿ ಗ್ರಾಫೀನಿನ ಜಾಗದಲ್ಲಿ ಇಂಥ ಗ್ರಾಫೈಟ್ ಕೂರಬಹುದು; ಅದನ್ನು ಮಾಡುವ ಖರ್ಚಿನಲ್ಲಿ ದೊಡ್ಡ ಪಾಲು ಕುಲುಮೆಯ ವಿದ್ಯುತ್ತಿನದು.